ಇಂಗ್ಲೆಂಡ್: ಹಿತ್ತಲ ಗ್ಯಾರೇಜ್ ಮನೆಗೆ ಕೌನ್ಸಿಲ್ ನೋಟಿಸ್ – 4 ವರ್ಷವೋ, 10 ವರ್ಷವೋ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿ 2022ರಲ್ಲಿ ಕೊಂಡ ಮನೆಯ ಹಿತ್ತಲಲ್ಲಿ ಒಂದು ಗ್ಯಾರೇಜ್ ಇದೆ. ಹಳೆಯ ಮಾಲೀಕರು ಅದಕ್ಕೆ ಅಡುಗೆಮನೆ, ಬಚ್ಚಲು ಹಾಕಿಸಿ, 2021ರ ಸೆಪ್ಟೆಂಬರ್‌ನಿಂದ ಬೇರೆ ಮನೆ ಅಂತಲೇ ಬಾಡಿಗೆಗೆ ಕೊಟ್ಟಿದ್ದರು. ನಾನೂ ಮುಂದುವರಿಸಿದೆ. ಪ್ಲಾನಿಂಗ್ ಪರ್ಮಿಶನ್ ಇಲ್ಲ. ಈಗ ಕೌನ್ಸಿಲ್‌ನಿಂದ (ಇಲ್ಲಿನ ಸ್ಥಳೀಯ ಆಡಳಿತ) ಪ್ಲಾನಿಂಗ್ ಕಾಂಟ್ರವೆನ್ಷನ್ ನೋಟಿಸ್ ಬಂದಿದೆ. ಅನುಮತಿ ಇಲ್ಲದಿದ್ದರೂ ಮನೆಯಾಗಿ ಬಳಸಿ ನಾಲ್ಕು ವರ್ಷ ದಾಟಿದರೆ ಕೌನ್ಸಿಲ್ ಕ್ರಮ ಕೈಗೊಳ್ಳುವ ಹಾಗಿಲ್ಲ ಅಂತಾರಲ್ಲ, ಅಷ್ಟು ಸಾಕಲ್ವಾ?

ಥೇಮ್ಸ್‌ದಂಡೆ:
ಕಾನೂನು ಬದಲಾಗಿದೆ. ಈಗ ಎಲ್ಲದಕ್ಕೂ 10 ವರ್ಷ.

ಗಡಿಕಲ್ಲು:
ಪೂರ್ತಿ ಹಾಗಲ್ಲ. 10 ವರ್ಷದ ನಿಯಮ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು 2024ರ ಏಪ್ರಿಲ್ 25ಕ್ಕೆ. ಅದಕ್ಕೂ ಮುಂಚೆಯೇ ಮನೆಯಾಗಿ ಬದಲಾಗಿದ್ದರೆ ಹಳೆಯ 4 ವರ್ಷವೇ ಲೆಕ್ಕ. ಆ ದಿನಕ್ಕೆ 4 ವರ್ಷ ತುಂಬಿರಬೇಕು ಅಂತೇನೂ ಇಲ್ಲ. ನಿಮ್ಮ ಲೆಕ್ಕದಲ್ಲಿ 2025ರ ಸೆಪ್ಟೆಂಬರ್‌ಗೆ ಅವಧಿ ಮುಗಿದಿದೆ. ಆದರೆ ಒಂದು ವಿಷಯ ಹೇಳಿ: ನಡುವೆ ಎಂದಾದರೂ ಖಾಲಿ ಇತ್ತಾ?

ಹಿತ್ತಲಮನೆ:
ಇತ್ತು. 2024ರ ಬೇಸಿಗೆಯಲ್ಲಿ ಎರಡು ತಿಂಗಳು.

ಗಡಿಕಲ್ಲು:
ನಿಮ್ಮ ಕೇಸು ನಿಲ್ಲುವುದೂ ಬೀಳುವುದೂ ಆ ಎರಡು ತಿಂಗಳ ಮೇಲೆ. ಒಲೆ, ಮಂಚ ಇದ್ದಲ್ಲೇ ಇದ್ದು, ಹೊಸ ಬಾಡಿಗೆದಾರರಿಗೆ ಸುಮ್ನೆ ಕಾಯುತ್ತಿದ್ದಿರಾ? ಆಗ ಅದು ಮನೆಯಾಗೇ ಉಳಿದಿತ್ತು ಅಂತ ವಾದಿಸಬಹುದು. ಅದೇ ನಿಮ್ಮ ಸಾಮಾನು ತುಂಬಿಸಿ ಗೋಡೌನ್ ಮಾಡಿಕೊಂಡಿದ್ದರೆ ಎಣಿಕೆ ಅಲ್ಲಿಗೇ ಕಡಿದುಹೋಯಿತು ಅಂತ ಕೌನ್ಸಿಲ್ ಹೇಳುತ್ತದೆ. ಮತ್ತೆ ಶುರುವಾದದ್ದು ಏಪ್ರಿಲ್ 25ರ ನಂತರ ಆಗುತ್ತದೆ, ಅಂದರೆ ಹೊಸದಾಗಿ 10 ವರ್ಷ.

ಹಿತ್ತಲಮನೆ:
ಸಾಮಾನು ಇಟ್ಟಿರಲಿಲ್ಲ. ಸುಣ್ಣಬಣ್ಣ ಮಾಡಿಸಿ ಬಾಡಿಗೆಗೆ ಜಾಹೀರಾತು ಹಾಕಿದ್ದೆ. ಪೇಂಟರ್ ಬಿಲ್, ಜಾಹೀರಾತಿನ ಇಮೇಲ್ ಎರಡೂ ಇವೆ.

ಗಡಿಕಲ್ಲು:
ಅವೆರಡೂ ತುಂಬಾ ಬೆಲೆಬಾಳುತ್ತವೆ, ಜೋಪಾನ. ಸಾಬೀತು ಮಾಡುವ ಹೊಣೆ ನಿಮ್ಮದೇ, ಆದರೆ ಸಂದೇಹಕ್ಕೇ ಜಾಗವಿಲ್ಲದಂತೆ ತೋರಿಸಬೇಕಿಲ್ಲ. ಹೀಗಿರುವ ಸಾಧ್ಯತೆಯೇ ಜಾಸ್ತಿ ಅನಿಸಿದರೆ ಸಾಕು. ಬಾಡಿಗೆ ಕರಾರು, ಬ್ಯಾಂಕಿಗೆ ಬಂದ ಬಾಡಿಗೆ, ಕರೆಂಟ್ ಬಿಲ್, ಕೌನ್ಸಿಲ್ ಟ್ಯಾಕ್ಸ್ ಎಲ್ಲ ತಾರೀಕಿನ ಪ್ರಕಾರ ಜೋಡಿಸಿ. 2021ರ ಬಗ್ಗೆ ಹಳೆಯ ಮಾಲೀಕರಿಂದ ಪ್ರಮಾಣಪೂರ್ವಕ ಹೇಳಿಕೆ ಬರೆಸಿಕೊಳ್ಳಿ.

ಈಗ ಬಂದಿರುವುದು ಬರೀ ಮಾಹಿತಿ ಕೇಳುವ ನೋಟಿಸ್. ಅದರಿಂದ ಎಣಿಕೆ ನಿಲ್ಲುವುದಿಲ್ಲ. ಆದರೆ 21 ದಿನದೊಳಗೆ ಉತ್ತರ ಕೊಡದಿದ್ದರೆ ಅಪರಾಧ, ಸುಳ್ಳು ಬರೆದರೂ ಅಪರಾಧ. ಮುಂದೆ ಎನ್‌ಫೋರ್ಸ್‌ಮೆಂಟ್ ನೋಟಿಸ್ (ಉಲ್ಲಂಘನೆ ಸರಿಪಡಿಸಿ ಅನ್ನುವ ಆದೇಶ) ಬಂದರೆ, ಅದು ಜಾರಿಗೆ ಬರುವ ದಿನಕ್ಕೆ ಮುಂಚೆ ಮೇಲ್ಮನವಿ ಹೋಗಲೇಬೇಕು. ಆ ದಿನ ದಾಟಿದರೆ ಅವಧಿ ಮುಗಿದಿತ್ತು ಅನ್ನುವ ವಾದ ಎತ್ತುವ ಹಾಗಿಲ್ಲ.

ಥೇಮ್ಸ್‌ದಂಡೆ:
ಹಾಗಾದರೆ 4 ವರ್ಷ ಬಚ್ಚಿಟ್ಟು ಕೂತವರೂ ಬಚಾವಾ?

ಗಡಿಕಲ್ಲು:
ಇಲ್ಲ, ಆಗಲೂಬಾರದು. ಸರ್ರೆಯ ಒಬ್ಬ ರೈತ ಹುಲ್ಲಿನ ಪೆಂಡಿಗಳ ಮರೆಯಲ್ಲಿ ಕೋಟೆಯಂಥ ಮನೆ ಕಟ್ಟಿ, 2006ರಲ್ಲಿ ಪೆಂಡಿ ತೆಗೆದರು. 2016ರಲ್ಲಿ ಅದನ್ನು ಕೆಡವಬೇಕಾಯಿತು. ಕೊಟ್ಟಿಗೆಗೆ ಅನುಮತಿ ಪಡೆದು ಒಳಗೆ ಮನೆ ಮಾಡಿಕೊಂಡವರಿಗೂ 2011ರಲ್ಲಿ ಸುಪ್ರೀಂ ಕೋರ್ಟ್ ರಕ್ಷಣೆ ಕೊಡಲಿಲ್ಲ. ಬೇಕಂತಲೇ ಮರೆಮಾಡಿದ ಕೇಸುಗಳಲ್ಲಿ ಅವಧಿ ಮುಗಿದ ಮೇಲೂ ಕ್ರಮ ಕೈಗೊಳ್ಳಲು ಕೌನ್ಸಿಲ್ ಕೋರ್ಟಿನಿಂದ ಪಡೆಯಬಹುದಾದ ಬೇರೆ ಆದೇಶವೇ ಈಗ ಇದೆ. ಹಿತ್ತಲಮನೆಯವರೇ, ಆ ಗ್ಯಾರೇಜಿಗೆ ಬೇರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿದ್ದೀರಾ?

ಹಿತ್ತಲಮನೆ:
2022ರಿಂದ ಬಾಡಿಗೆದಾರರ ಹೆಸರಲ್ಲೇ ಕಟ್ಟುತ್ತಿದ್ದಾರೆ.

ಗಡಿಕಲ್ಲು:
ಒಳ್ಳೆಯದಾಯಿತು, ಬಚ್ಚಿಟ್ಟಿಲ್ಲ ಅನ್ನಲು ಅದೂ ನೆರವಾಗುತ್ತದೆ. ನೋಟಿಸಿಗೆ ಉತ್ತರ ಕೊಡುವ ಮುಂಚೆ ಒಬ್ಬ ಪ್ಲಾನಿಂಗ್ ಸಲಹೆಗಾರರಿಗೆ ಕಾಗದ ತೋರಿಸಿ. ಜೊತೆಗೇ ಲಾಫುಲ್‌ನೆಸ್ ಸರ್ಟಿಫಿಕೇಟ್‌ಗೆ (ಈ ಬಳಕೆ ಕಾನೂನುಬದ್ಧ ಅನ್ನುವ ಪ್ರಮಾಣಪತ್ರ) ಅರ್ಜಿ ಹಾಕಿ. ಬಿಲ್ಡಿಂಗ್ ರೆಗ್ಯುಲೇಷನ್ (ಕಟ್ಟಡದ ಸುರಕ್ಷತೆ, ಗುಣಮಟ್ಟದ ನಿಯಮ) ಬೇರೆ ವಿಷಯ, ಅದನ್ನು ಈ ಸರ್ಟಿಫಿಕೇಟ್ ಸರಿಮಾಡುವುದಿಲ್ಲ. ಬಾಡಿಗೆದಾರರ ಸುರಕ್ಷತೆಗಾಗಿ ಕರೆಂಟ್ ವೈರಿಂಗ್ ಈ ವಾರವೇ ಪರೀಕ್ಷೆ ಮಾಡಿಸಿ.