ಒಂದು ಚೀಲಕ್ಕೆ ಹಾಕಿದ ಸಹಿ

ಪ್ರಶ್ನೆ: ಎರಡನೇ ವರ್ಷದ ವಿದ್ಯಾರ್ಥಿನಿ ನಾನು. ಕಾಲೇಜಿನ ಗೇಟಿನ ಬಳಿ ಮೇಜು ಹಾಕಿಕೊಂಡಿದ್ದವರು ಉಚಿತ ಚೀಲವೊಂದನ್ನು ಕೈಗಿತ್ತು ಕ್ರೆಡಿಟ್ ಕಾರ್ಡ್ ಅರ್ಜಿಗೆ ಸಹಿ ಹಾಕಿಸಿಕೊಂಡರು. ಚೀಲದ ಜಿಪ್ ಆಗಲೇ ಕಿತ್ತುಹೋಗಿದೆ. ಆರು ತಿಂಗಳಿನಿಂದ 'ಕನಿಷ್ಠ ಪಾವತಿ' ತಪ್ಪದೆ ಕಟ್ಟಿದರೂ ಬಾಕಿ ಕರಗುತ್ತಿಲ್ಲ. ಅಮ್ಮನಿಗೆ ಹೇಳಲು ಧೈರ್ಯವಿಲ್ಲ.

ಉತ್ತರ 1: ತಂಗಿ, ಇದೇ ಗುಂಡಿಯಲ್ಲಿ ಎರಡು ವರ್ಷ ಒದ್ದಾಡಿದವಳು ನಾನು. ಕನಿಷ್ಠ ಪಾವತಿಯ ಬಹುಪಾಲು ಬಡ್ಡಿಗೇ ಹೋಗುತ್ತದೆ. ತಿಂಗಳಿಗೆ ಶೇ 3 ಎಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ! ಕಾರ್ಡ್ ಬಳಕೆ ಇಂದೇ ನಿಲ್ಲಿಸು. ಅಮ್ಮನಿಗೂ ಹೇಳು, ಮುಚ್ಚಿಟ್ಟಿದ್ದಕ್ಕೇ ನಾನು ಹೆಚ್ಚು ತೆತ್ತೆ.

ಉತ್ತರ 2: ಅಮೆರಿಕದ 2009ರ ಕಾಯ್ದೆಯ ಪ್ರಕಾರ, 21 ತುಂಬದವರಿಗೆ ಕಾರ್ಡ್ ಕೊಡಲು ಸ್ವಂತ ಆದಾಯ ಅಥವಾ ಹೊಣೆಗಾರರ ಸಹಿ ಬೇಕು. ಕ್ಯಾಂಪಸ್ಸಿನಲ್ಲಿ ಉಡುಗೊರೆಯ ಆಮಿಷವೊಡ್ಡುವಂತಿಲ್ಲ. ಎಲ್ಲೆಡೆಯೂ ಇಂಥ ನಿಯಮ ಬರಬೇಕು.

ಪ್ರಶ್ನೆ ಕೇಳಿದವಳು: ಅಮ್ಮನಿಗೆ ಹೇಳಿದೆ, ಅಕ್ಕ. ಬಿಲ್ಲುಗಳನ್ನು ಹರಡಿಕೊಂಡು ಇಬ್ಬರೂ ಲೆಕ್ಕ ಹಾಕುತ್ತಿದ್ದೇವೆ.