ತಾಳವಾಡಿಯಿಂದ ಅವಲಾಂಜಿ ಕೆರೆಗೆ: ದಾರಿ, ಇ-ಪಾಸ್, ಗೇಟು, ಚಳಿ – ಗೊತ್ತಿದ್ದವರು ಹೇಳಿ

ತಾಳವಾಡಿ ಬಯಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜನವರಿ ಮೊದಲ ವಾರ ಎರಡು ದಿನ ಬಿಡುವಿದೆ. ಊಟಿ ಬೊಟಾನಿಕಲ್ ಗಾರ್ಡನ್ನಿನ ಜಾತ್ರೆ ಬೇಡ, ಅದೇ ನೀಲಗಿರಿಯ ಅವಲಾಂಜಿ ಕೆರೆ ನೋಡ್ಕೊಂಡು ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ಒಂದೇ ಕಾರು, ಐದು ಜನ. ಅಮ್ಮನಿಗೆ ಮಂಡಿ ನೋವು, ಬಿಪಿ ಮಾತ್ರೆ ಇದೆ. ಮಕ್ಕಳಿಗೆ ಏಳು, ಹನ್ನೊಂದು ವರ್ಷ.

ದಿಂಬಂ ಘಾಟ್ ಇಳಿದು ಮೇಟ್ಟುಪಾಳ್ಯದ ಮೇಲೆ ಹೋಗೋದಾ, ಗುಂಡ್ಲುಪೇಟೆ–ಬಂಡೀಪುರದ ಮೇಲಾ? ನಮ್ಮದು ತಮಿಳುನಾಡು ನಂಬರಿನ ಗಾಡಿಯೇ ಅಲ್ವಾ, ಇ-ಪಾಸ್ ಬೇಕಾ? ಕಾರು ನೀರಿನ ದಡದವರೆಗೂ ಹೋಗುತ್ತಾ? ಚಿಕ್ಕ ಸ್ಟವ್ ಇಟ್ಟುಕೊಂಡು ದಡದಲ್ಲೇ ಅನ್ನ ಮಾಡಿಕೊಳ್ಳಬಹುದಾ? ಮಕ್ಕಳು ನೀರಿಗೆ ಇಳೀಬೇಕು, ದೋಣಿ ಹತ್ತಬೇಕು ಅಂತ ಈಗಲೇ ಹಟ. ಅಷ್ಟು ಎತ್ತರದಲ್ಲಿ ಅಮ್ಮನಿಗೆ ಉಸಿರಿನ ತೊಂದರೆ ಆಗುತ್ತಾ?

ದಿಂಬಂ ತಿರುವು ಉತ್ತರ:

ಅಣ್ಣ, ಮೊದಲು ಇ-ಪಾಸ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನಿಂದ ಬರೋ ಎಲ್ಲ ಖಾಸಗಿ ಗಾಡಿಗೂ ಪಾಸ್ ಕಡ್ಡಾಯ. ಹೊರಗಿನಿಂದ ಅಂದರೆ ಜಿಲ್ಲೆಯ ಹೊರಗಿನಿಂದ. ತಮಿಳುನಾಡು ನಂಬರ್ ಅನ್ನೋದು ಲೆಕ್ಕಕ್ಕೆ ಬರಲ್ಲ, ವಿನಾಯಿತಿ ಇರೋದು ನೀಲಗಿರಿಯ ಟಿಎನ್-43ಕ್ಕೆ. ನಿಮ್ಮ ತಾಳವಾಡಿ ಸೇರಿ ಈರೋಡು ಜಿಲ್ಲೆಯವರು ಚೆಕ್‌ಪೋಸ್ಟಲ್ಲಿ ವಾದ ಮಾಡೋದು ಇದೇ ವಿಷಯಕ್ಕೆ. ಆನ್‌ಲೈನಲ್ಲಿ ಗಾಡಿ ನಂಬರ್, ಎಷ್ಟು ಜನ, ಯಾವ ದಿನ, ಎಲ್ಲಿ ತಂಗ್ತೀರಿ ಅಂತ ತುಂಬಿದರೆ ಕ್ಯೂಆರ್ ಕೋಡ್ ಬರುತ್ತೆ. ಅದನ್ನ ಮನೆಯಲ್ಲೇ ಪ್ರಿಂಟ್ ತೆಗೀರಿ, ಗೇಟ್ ಹತ್ತಿರ ನಿಂತು ಸಿಗ್ನಲ್ ಹುಡುಕೋದು ವ್ಯರ್ಥ. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ಗಾಡಿ ಅಂತ ಮಿತಿ ಹಾಕಿದ್ದರು, ಅಂಥ ದಿನಗಳಲ್ಲಿ ಕೊನೇ ಗಳಿಗೆಗೆ ಪಾಸ್ ಸಿಗಲ್ಲ. ಸರ್ಕಾರಿ ಬಸ್ಸಲ್ಲಿ ಹೋಗೋರಿಗೆ ಈ ರಗಳೆ ಇಲ್ಲ.

ದಾರಿ ವಿಷಯಕ್ಕೆ ನನ್ನ ಮತ ಬಂಡೀಪುರದ ಕಡೆಗೇ. ದಿಂಬಂನಲ್ಲಿ 27 ತಿರುವು ಇಳಿದು, ಬಯಲಿಗೆ ಬಂದು, ಮತ್ತೆ ಕಲ್ಲಾರಿನಿಂದ ಕೂನೂರಿಗೆ ಹತ್ತಬೇಕು. ಒಂದೇ ದಿನ ಎರಡು ಘಾಟ್, ಮಕ್ಕಳು ವಾಂತಿ ಮಾಡಿ ಸುಸ್ತಾಗ್ತಾರೆ. ಲಾರಿ ಹಿಂದೆ ಸಿಕ್ಕಿಕೊಂಡರೆ ದಿಂಬಂ ಒಂದೇ ಅರ್ಧ ಬೆಳಗ್ಗೆ ತಿನ್ನುತ್ತೆ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಗೂಡಲೂರು, ಪೈಕಾರ, ಊಟಿ – ಇದರಲ್ಲಿ ಘಾಟ್ ಒಂದೇ.

ತೆಪ್ಪಕಾಡಿಂದ ಮಸಿನಗುಡಿ–ಕಲ್ಲಟ್ಟಿ ಮೇಲೆ ಹೋದರೆ ಊಟಿಗೆ 36 ಕಿ.ಮೀ. ಅಂತ ಮ್ಯಾಪ್ ತೋರಿಸುತ್ತೆ, ಗೂಡಲೂರಿನ ಮೇಲೆ 67. ಮ್ಯಾಪ್ ಮಾತು ಕೇಳಬೇಡಿ. ಆ 36 ಕಿ.ಮೀ.ನಲ್ಲಿ 36 ತಿರುವು ಇದೆ, ಐದು ಜನ ತುಂಬಿದ ಚಿಕ್ಕ ಕಾರಿನ ಕ್ಲಚ್ ವಾಸನೆ ಬರುತ್ತೆ. ಇಳಿಯೋಕಂತೂ ಹೊರಗಿನ ಗಾಡಿಗಳನ್ನ ಬಿಡಲ್ಲ.

ಗೇಟಿನ ಹೊತ್ತು: ಬಂಡೀಪುರ–ಮುದುಮಲೆ ರಾತ್ರಿ 9ರಿಂದ ಬೆಳಗ್ಗೆ 6 ಬಂದ್. ದಿಂಬಂನಲ್ಲೂ ಕಾರುಗಳಿಗೆ ಅದೇ ಹೊತ್ತು, ಲಾರಿಗಳಿಗೆ ಸಂಜೆ 6ರಿಂದಲೇ. ಬೆಳಗ್ಗೆ 5ಕ್ಕೆ ತಾಳವಾಡಿ ಬಿಟ್ಟರೆ ಗೇಟ್ ತೆರೆಯೋ ಹೊತ್ತಿಗೆ ಸರಿಹೋಗುತ್ತೆ. ವಾಪಸ್ ಬರುವಾಗ ರಾತ್ರಿ 8ರೊಳಗೆ ತೆಪ್ಪಕಾಡು ದಾಟಿರಿ.

ಕುಂದೆ ಸೀಮೆ ಉತ್ತರ:

ದಾರಿ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಕೆರೆ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ನೀವು ಕೇಳಿರೋದರಲ್ಲಿ ಅರ್ಧ ಅಲ್ಲಿ ನಡೆಯೋದಿಲ್ಲ.

ಅವಲಾಂಜಿ ಅಂದ್ರೆ ಊರ ಕೆರೆ ಥರ ಅಲ್ಲ, ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನ ಹಿನ್ನೀರು. ಪಕ್ಕದ ಎಮರಾಲ್ಡ್ ಕೂಡ ಅಷ್ಟೇ. 1950ರ ದಶಕದಲ್ಲಿ ಕೆನಡಾ ನೆರವಿನಿಂದ ಶುರುವಾದ ಯೋಜನೆ. ನೀರಿನ ಮಟ್ಟ ಮಳೆ ನೋಡಿಕೊಂಡು ಮಾತ್ರ ಏರಿಳಿಯಲ್ಲ, ಕರೆಂಟ್ ಎಷ್ಟು ಬೇಕು ಅನ್ನೋದರ ಮೇಲೂ ಇರುತ್ತೆ. ಹಾಗಾಗಿ ದಡ ಅನ್ನೋದು ಒಂದೇ ಜಾಗದಲ್ಲಿ ನಿಲ್ಲಲ್ಲ. ಹುಲ್ಲು ಮುಗಿದು ನೀರು ಶುರುವಾಗೋ ಮಧ್ಯೆ ಕೆಂಪು ಮಣ್ಣಿನ ಪಟ್ಟಿ ಕಾಣುತ್ತಲ್ಲ, ಅಪಾಯ ಅದೇ. ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆ ಕಾಣುತ್ತೆ, ಕಾಲಿಟ್ಟರೆ ಮೊಸರಿನ ಕೆನೆ ಒಡೆದ ಹಾಗೆ ಕೆಳಗೆ ಮೊಣಕಾಲುದ್ದ ಕೆಸರು. ಕಾಲು ಎಳೆದಷ್ಟೂ ಚಪ್ಪಲಿ ಕಚ್ಚಿಕೊಳ್ಳುತ್ತೆ, ಇನ್ನೊಂದು ಕಾಲೂ ಇಳಿಯುತ್ತೆ. ಹಾಗೆ ಸಿಕ್ಕಿದರೆ ನಿಂತೇ ಒದ್ದಾಡಬಾರದು. ಹಿಂದಕ್ಕೆ ಕೂತು ಮೈಭಾರ ಹರಡಿ, ಕಾಲು ಒಂದೊಂದಾಗಿ ನಿಧಾನಕ್ಕೆ ಬಿಡಿಸಿಕೊಳ್ಳಬೇಕು. ಅದರಾಚೆ ನೀರು ಒಮ್ಮೆಗೇ ಆಳ, ಯಾಕಂದ್ರೆ ಅದು ಮುಳುಗಿದ ಕಣಿವೆಯ ಇಳಿಜಾರು. ಜನವರಿಯಲ್ಲಿ ನೀರೂ ತಣ್ಣಗೆ ಕೊರೆಯುತ್ತೆ, ಈಜು ಬಂದವನಿಗೂ ಮೊದಲ ನಿಮಿಷ ಉಸಿರು ಕಟ್ಟುತ್ತೆ. ಮಕ್ಕಳು ನೀರಿಗೆ ಇಳಿಯೋ ಮಾತು ಬಿಟ್ಟುಬಿಡಿ.

ದೋಣಿ ಅಲ್ಲಿ ಇಲ್ಲ. ಆದರೆ ಗೂಡಲೂರಿಂದ ಬರೋ ದಾರಿಯಲ್ಲೇ, ಊಟಿಗೆ 20 ಕಿ.ಮೀ. ಇರುವಾಗ ಪೈಕಾರ ಸಿಗುತ್ತೆ. ಬೋಟ್ ಹೌಸ್ ಇರೋದು ಅಲ್ಲಿ. ಮೊದಲ ದಿನ ಮಕ್ಕಳ ಹಟ ಅಲ್ಲೇ ತೀರಿಸಿ.

ಅವಲಾಂಜಿ ಊಟಿಯಿಂದ ಸುಮಾರು 28 ಕಿ.ಮೀ. ಮುತ್ತೋರೆ ಪಾಲಡ, ಇತ್ತಲಾರು, ಎಮರಾಲ್ಡ್ ದಾಟಿ ಹೋಗಬೇಕು. ಕಿರಿದಾದ ರಸ್ತೆ, ಎದುರಿಂದ ಕ್ಯಾರೆಟ್ ತುಂಬಿದ ಲಾರಿ ಬಂದರೆ ಯಾರಾದರೂ ಹಿಂದಕ್ಕೆ ತೆಗೀಬೇಕು. ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಪೆಟ್ರೋಲ್ ಊಟಿಯಲ್ಲೇ ತುಂಬಿಸಿ, ನೋಟು ಚಿಲ್ಲರೆ ಜೇಬಲ್ಲಿರಲಿ. ನಿಮ್ಮ ಕಾರು ಅರಣ್ಯ ಇಲಾಖೆ ಗೇಟ್ ತನಕ ಮಾತ್ರ. ಅಲ್ಲಿಂದ ಒಳಗೆ ಇಲಾಖೆಯ ಗಾಡಿ, ತಲೆಗಿಷ್ಟು ಅಂತ ಟಿಕೆಟ್. ಶೋಲೆ ಕಾಡು (ಬೆಟ್ಟದ ಮಡಿಲಿನ ನಿತ್ಯಹಸಿರು ಕಾಡು), ಹುಲ್ಲುಗುಡ್ಡ, ಲಕ್ಕಿಡಿ ಅನ್ನೋ ಜಾಗ, ಭವಾನಿ ಅಮ್ಮನ ಗುಡಿ ತೋರಿಸಿ ವಾಪಸ್ ಬಿಡ್ತಾರೆ. ರಸ್ತೆ ಕುಲುಕಾಟದ್ದು. ಅಮ್ಮನನ್ನ ಹಿಂದಿನ ಚಕ್ರದ ಮೇಲಿನ ಸೀಟಲ್ಲಿ ಕೂರಿಸಬೇಡಿ, ಮಧ್ಯದಲ್ಲೋ ಮುಂದೆಯೋ ಕೂರಿಸಿ. ರಜೆ ದಿನ ಹನ್ನೊಂದರ ಮೇಲೆ ಹೋದರೆ ಗಾಡಿಗೆ ಕಾಯೋದರಲ್ಲೇ ಮಧ್ಯಾಹ್ನ. ಅದಕ್ಕೇ ಮೊದಲ ರಾತ್ರಿ ಊಟಿಯಲ್ಲೋ ಎಮರಾಲ್ಡ್ ಕಡೆಯೋ ತಂಗಿ, ಎರಡನೇ ದಿನ ಕೌಂಟರ್ ತೆರೆಯೋ ಹೊತ್ತಿಗೆ ಗೇಟಲ್ಲಿರಿ.

ಸ್ಟವ್ ಒಳಗೆ ಬಿಡಲ್ಲ, ಬಿಡಲೂಬಾರದು. ಹಿಮ ಬಿದ್ದ ಹುಲ್ಲು ಜನವರಿಯಲ್ಲಿ ಬಾಡಿ ಒಣಗಿರುತ್ತೆ, ಒಂದು ಕಿಡಿ ಸಾಕು. ಚಿತ್ರಾನ್ನ, ಮೊಸರನ್ನ ಸ್ಟೀಲ್ ಡಬ್ಬಿಯಲ್ಲಿ ತನ್ನಿ. ಅರ್ಧ, ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ನೀಲಗಿರಿಯಲ್ಲಿ ನಿಷೇಧ. ಚೆಕ್‌ಪೋಸ್ಟಲ್ಲಿ ಡಿಕ್ಕಿ ತೆಗೆಸಿ ನೋಡ್ತಾರೆ, ಬಾಟಲಿ ಕಿತ್ತುಕೊಂಡು ದಂಡವನ್ನೂ ಬರೀತಾರೆ. ಮನೆಯಿಂದ ಸ್ಟೀಲ್ ಬಾಟಲಿ ತನ್ನಿ, ರಸ್ತೆ ಬದಿ ವಾಟರ್ ಎಟಿಎಂಗಳಿವೆ.

ಜನವರಿ ಒಳ್ಳೇ ಆಯ್ಕೆ. ಜೂನ್‌ನಿಂದ ಆಗಸ್ಟ್ ಅಂತ ಕೇಳಿದ್ದರೆ ಬೇಡವೇ ಬೇಡ ಅಂತಿದ್ದೆ. ಊಟಿಯಲ್ಲಿ ತುಂತುರು ಇದ್ದ ದಿನವೂ ಅವಲಾಂಜಿ ಇರೋ ಕುಂದೆ ಬೆಟ್ಟಸಾಲಿನ ಪಡುವಣ ಅಂಚಲ್ಲಿ ಮಳೆ ಸುರೀತಿರುತ್ತೆ, ಕೇರಳದಿಂದ ಏರಿದ ಮೋಡ ಮೊದಲು ತಾಗೋದೇ ಅಲ್ಲಿ. 2019ರ ಆಗಸ್ಟ್ 8ರ ಬೆಳಗ್ಗೆಗೆ ಮುಗಿದ 24 ಗಂಟೆಯಲ್ಲಿ ಅವಲಾಂಜಿಯಲ್ಲಿ 82 ಸೆಂ.ಮೀ. ಮಳೆ ದಾಖಲಾಯ್ತು. ಅದಕ್ಕೇ ಊಟಿಯ ಆಕಾಶ ನೋಡಿ ಹೊರಡಬಾರದು.

ಊಟಿ ಸವಾರ ಉತ್ತರ:

ಅಮ್ಮನಿಗೆ ಎತ್ತರದ ಕಾಯಿಲೆಗೆ ಕೊಡೋ ಡಯಾಮಾಕ್ಸ್ ಮಾತ್ರೆ ಒಂದು ದಿನ ಮುಂಚೆಯೇ ಶುರು ಮಾಡಿ, ಪೋರ್ಟಬಲ್ ಆಕ್ಸಿಜನ್ ಕ್ಯಾನ್ ಇಟ್ಟುಕೊಳ್ಳಿ. ಲಡಾಖ್‌ಗೆ ಹೋಗೋರೆಲ್ಲ ಹಾಗೇ ಮಾಡ್ತಾರೆ.

ಸತ್ಯಮಂಗಲ ಫಾರ್ಮಸಿ ಉತ್ತರ:

@ಊಟಿ ಸವಾರ, ಲಡಾಖ್ ಲೆಕ್ಕ ಇಲ್ಲಿ ಬೇಡ ಸಾರ್. ಲೇಹ್ ಪಟ್ಟಣವೇ 3,500 ಮೀಟರ್, ಅವಲಾಂಜಿ 2,000 ಮೀಟರ್ ಆಸುಪಾಸು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ಡಯಾಮಾಕ್ಸ್ ಮೂತ್ರ ಹೆಚ್ಚಿಸುತ್ತೆ. ಬಿಪಿಗೆ ಅಂಥದ್ದೇ ಮಾತ್ರೆ ತಗೊಳ್ಳೋರಿಗೆ ಅದು ಸೇರಿದರೆ ಪೊಟ್ಯಾಸಿಯಂ ಇಳಿದು ಸುಸ್ತು, ತಲೆಸುತ್ತು ಬರಬಹುದು. ಡಾಕ್ಟರ್ ಹೇಳದೆ ಕೊಡಲೇಬೇಡಿ.

ಅಮ್ಮನಿಗೆ ಕಾಡೋದು ಚಳಿ. 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತೆ. ಜನವರಿ ಬೆಳಗ್ಗೆ ಆ ಕಣಿವೆಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತೆ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತೆ, ಹಾಗಾಗಿ ಮಾತ್ರೆ ತಪ್ಪಿಸಬೇಡಿ, ಬೆಳಗ್ಗೆ ಎದ್ದ ಕೂಡಲೇ ಹೊರಗೆ ನಿಲ್ಲಿಸಬೇಡಿ. ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಮೇಲು. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗೇ ಇರುತ್ತೆ. ಮಂಡಿಗೆ ಉಣ್ಣೆಯ ಕ್ಯಾಪ್, ಕಿವಿ ಮುಚ್ಚೋ ಮಂಕಿ ಕ್ಯಾಪ್ ಇರಲಿ. ಮಧ್ಯಾಹ್ನ ಚಳಿಯಲ್ಲೂ ಬಿಸಿಲು ಚರ್ಮ ಸುಡುತ್ತೆ, ಮಕ್ಕಳ ಮೂಗು ಕೆನ್ನೆಗೆ ಸನ್‌ಸ್ಕ್ರೀನ್ ಹಚ್ಚಿ. ವಾಂತಿ ಮಾತ್ರೆ ಗೂಡಲೂರು ಘಾಟ್ ಶುರುವಾಗೋ ಅರ್ಧ ಗಂಟೆ ಮುಂಚೆ, ಮಕ್ಕಳ ತೂಕ ಹೇಳಿ ಡೋಸ್ ಕೇಳಿಕೊಳ್ಳಿ. ಘಾಟಲ್ಲಿ ವಾಂತಿ ಬಂದ ಮೇಲೆ ಕೊಟ್ಟರೆ ಮಾತ್ರೆಯೂ ಆಚೆಗೇ.

ತಾಳವಾಡಿ ಬಯಲು ಉತ್ತರ:

ಸ್ಟವ್ ಕೈಬಿಟ್ಟೆ. ಇನ್ನೆರಡು ವಿಷಯ. ಅಮ್ಮ ಮಕ್ಕಳು ರೂಮಲ್ಲಿದ್ದರೆ ನಾನು ಬೆಳಗ್ಗೆ ಬೇಗ ಒಬ್ಬನೇ ಗುಡ್ಡದ ಮೇಲೆ ನಡೆದು ಬರಬಹುದಾ? ಅಪ್ಪರ್ ಭವಾನಿ ಕೆರೆ ಇನ್ನೂ ಚೆನ್ನಾಗಿದೆ ಅಂತಾರೆ, ಕಾರಲ್ಲಿ ಹೋಗೋಕಾಗುತ್ತಾ?

ಕುಂದೆ ಸೀಮೆ ಉತ್ತರ:

ಒಬ್ಬನೇ ಹೋಗೋದು ಬೇಡ ಅಣ್ಣ. ಗೇಟಿಂದಾಚೆ ಮೀಸಲು ಅರಣ್ಯ, ಅದರ ಪಡುವಣಕ್ಕೆ ಮುಕುರ್ತಿ ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಹೊಕ್ಕರೆ ಕೇಸು. ಮಂಜು ಕವಿದ ಹೊತ್ತಲ್ಲಿ ಹುಲ್ಲುಗುಡ್ಡಗಳೆಲ್ಲ ಒಂದೇ ಥರ ಕಾಣುತ್ತವೆ, ತಿರುಗಿ ನೋಡಿದರೆ ಬಂದ ದಾರಿ ಇರಲ್ಲ. ಶೋಲೆ ಅಂಚಲ್ಲಿ ಕಾಟಿ (ಕಾಡುಕೋಣ) ಒಂಟಿಯಾಗಿ ನಿಂತಿರುತ್ತೆ. ಹಿಂಡಿಗಿಂತ ಒಂಟಿ ಗಂಡೇ ಕೆಟ್ಟದ್ದು. ಕಂಡರೆ ಬೆನ್ನು ತಿರುಗಿಸಿ ಓಡದೆ, ಮರ ಅಡ್ಡ ಮಾಡಿಕೊಂಡು ಪಕ್ಕಕ್ಕೆ ಸರೀರಿ.

ನಡೀಲೇಬೇಕು ಅಂದ್ರೆ ಸರಿಯಾದ ದಾರಿ ಇದೆ. 2018ರ ಮಾರ್ಚಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಕಾಡ್ಗಿಚ್ಚಿನಲ್ಲಿ ಚಾರಣಿಗರು ಸತ್ತ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ನಿಯಮ ಬಂತು. 2024ರಲ್ಲಿ ಅರಣ್ಯ ಇಲಾಖೆಯೇ 'ಟ್ರೆಕ್ ತಮಿಳುನಾಡು' ಹೆಸರಲ್ಲಿ 40 ದಾರಿ ತೆರೆಯಿತು. ಅವಲಾಂಜಿ–ದೇವರಬೆಟ್ಟ, ಅವಲಾಂಜಿ–ಕೊಲಾರಿಬೆಟ್ಟ, ಪಾರ್ಸನ್ಸ್ ವ್ಯಾಲಿ–ಮುಕುರ್ತಿ ಹಟ್ ಮೂರೂ ಅದರಲ್ಲಿವೆ. ಆನ್‌ಲೈನ್ ಬುಕಿಂಗ್, ಜೊತೆಗೆ ಸ್ಥಳೀಯ ಗೈಡ್. ಕೊಲಾರಿಬೆಟ್ಟ 2,629 ಮೀಟರ್, ನೀಲಗಿರಿಯ ಅತಿ ಎತ್ತರದ ದೊಡ್ಡಬೆಟ್ಟಕ್ಕಿಂತ ಎಂಟೇ ಮೀಟರ್ ಕಡಿಮೆ. ಇಡೀ ದಿನ ಬೇಕು, ನಿಮ್ಮ ಎರಡು ದಿನದ ಲೆಕ್ಕಕ್ಕೆ ಕೂರಲ್ಲ. ಬೆಂಕಿ ಕಾಲ ಅಂತ ಫೆಬ್ರವರಿ ನಡುವಿಂದ ಎರಡು ತಿಂಗಳು ಮುಚ್ಚೋದುಂಟು.

ಅಪ್ಪರ್ ಭವಾನಿ ದಾರಿ ಮಂಜೂರಿನ ಮೇಲೆ. ಕೊರಕುಂದೆ ಟೀ ಎಸ್ಟೇಟ್ ಆಚೆ ಚೆಕ್‌ಪೋಸ್ಟ್, ಖಾಸಗಿ ಕಾರು ಸುಮ್ಮನೆ ಬಿಡಲ್ಲ. ಅಮ್ಮನ ಜೊತೆ ಅದನ್ನ ಸೇರಿಸಿಕೊಳ್ಳಬೇಡಿ. ಬದಲಿಗೆ ವಾಪಸ್ ಬರುವಾಗ ಎಮರಾಲ್ಡ್ ಹತ್ತಿರ ರಸ್ತೆ ಅಗಲ ಇರೋ ಕಡೆ ಗಾಡಿ ನಿಲ್ಲಿಸಿ. ಟೀ ತೋಟದ ಕೆಳಗೆ ಹಿನ್ನೀರು ಕೈಬೆರಳಿನಂತೆ ಕವಲೊಡೆದಿರೋದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತೆ, ಒಂದು ಮೆಟ್ಟಿಲೂ ಹತ್ತಬೇಕಿಲ್ಲ.

ದಿಂಬಂ ತಿರುವು ಉತ್ತರ:

ಇಳಿಯೋ ವಿಷಯ ಹೇಳೋದು ಬಿಟ್ಟಿತ್ತು. ಗೂಡಲೂರು ಕಡೆ ಇಳಿಯುವಾಗ ಎರಡನೇ ಗೇರ್, ಚೂಪು ತಿರುವಲ್ಲಿ ಒಂದನೇದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಹಳೇದಾದಷ್ಟೂ ಬೇಗ ಕುದಿಯುತ್ತೆ. ಕುದ್ದರೆ ಪೈಪಲ್ಲಿ ಆವಿ ಸೇರಿ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತೆ. ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊರಡೋ ಮುಂಚೆ ಬದಲಿಸಿ. ಸುಟ್ಟ ವಾಸನೆ ಬಂದರೆ ಅಗಲ ಇರೋ ಕಡೆ ನಿಲ್ಲಿಸಿ, ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತೆ. ಇದೆಲ್ಲ ಗೂಡಲೂರಿಗೆ ಮುಂಚೆಯೇ ಮುಗಿಸಿಕೊಳ್ಳಿ, ಮುದುಮಲೆ ಕಾಡೊಳಗೆ ಗಾಡಿ ನಿಲ್ಲಿಸಿದರೆ ದಂಡ ಹಾಕ್ತಾರೆ.