‘ಸೀಕ್ರೆಟ್’, ‘ರೊಟೇಟ್’, ‘ರಿವೋಕ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎಐ ಏಜೆಂಟ್‌ಗಳು (ಹೇಳಿದ ಕೆಲಸವನ್ನು ತಾವೇ ಮಾಡುವ ಎಐ ತಂತ್ರಾಂಶಗಳು) ಬಳಸುವ ಒಂದು ಎಪಿಐ (ತಂತ್ರಾಂಶಗಳು ಒಂದನ್ನೊಂದು ಕರೆಯುವ ದಾರಿ) ಟೂಲ್‌ನ ವಿವರಣೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಾಸ್‌ವರ್ಡ್, ಎಪಿಐ ಕೀ, ಟೋಕನ್ ಇಂಥವನ್ನು ಒಂದು ಕಡೆ ಭದ್ರವಾಗಿ ಇಟ್ಟು, ಬೇಕಾದಾಗ ಒದಗಿಸುವುದು ಈ ಟೂಲ್‌ನ ಕೆಲಸ. ಇವಕ್ಕೆಲ್ಲ ಒಟ್ಟಾಗಿ ‘ಸೀಕ್ರೆಟ್’ ಅನ್ನುತ್ತಾರೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಸುಮ್ನೆ ಇಂಗ್ಲಿಷ್ ಪದವನ್ನೇ ಇಟ್ಟುಬಿಡಿ ಅನ್ನುವವರಿದ್ದೀರಿ, ಗೊತ್ತು. ನಾಮಪದಕ್ಕಾದರೆ ನನ್ನ ತಕರಾರಿಲ್ಲ. ಆದರೆ ಈ ವಿವರಣೆಗಳನ್ನು ಓದುವುದು ಮನುಷ್ಯರಷ್ಟೇ ಅಲ್ಲ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ, ಎಐ ಮಾದರಿಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಎಂಸಿಪಿ ಪದ್ಧತಿಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಜೊತೆಗೆ ಆಡುಮಾತಿನಲ್ಲೇ ಬರೆಯಬಹುದಾದ ಒಂದು ವಿವರಣೆ ಇರುತ್ತದೆ. ಕೇಳಿದ ಕೆಲಸಕ್ಕೆ ಯಾವ ಟೂಲ್ ಹೊಂದುತ್ತದೆ ಎಂದು ಭಾಷಾ ಮಾದರಿ ಅದನ್ನು ಓದಿಯೇ ಆರಿಸಿಕೊಳ್ಳುತ್ತದೆ. ಕ್ರಿಯಾಪದ ಗೊಂದಲವಾದರೆ ಕೆಲಸವೂ ಎಡವಟ್ಟಾಗುತ್ತದೆ.

ಮೊದಲು ನಾಮಪದ. ‘ಗೌಪ್ಯ’ ಆಗಲೇ ಪ್ರೈವೆಸಿಗೆ ಹೋಗಿಬಿಟ್ಟಿದೆ. ‘ಗೌಪ್ಯತಾ ನೀತಿ’ ಎಲ್ಲ ಜಾಲತಾಣದಲ್ಲೂ ಇದೆ. (‘ಗೋಪ್ಯ’ವೇ ಸರಿಯಾದ ರೂಪ ಎನ್ನುವ ಜಗಳ ಇಲ್ಲಿ ಬೇಡ, ದಯವಿಟ್ಟು.) ‘ರಹಸ್ಯ’ ಎಂದರೆ ಪತ್ತೇದಾರಿಯ ವಾಸನೆ ಬರುತ್ತದೆ, ಭೇದಿಸಲು ಯಾರಾದರೂ ಹೊರಡಬೇಕು. ನನ್ನ ಒಲವು ‘ಗುಟ್ಟು’ ಕಡೆಗೆ. ಚಿಕ್ಕದು, ವಿಭಕ್ತಿ ಸಲೀಸಾಗಿ ಹತ್ತುತ್ತದೆ. ಸೋರಿಕೆಗೂ ಮಾತು ಸಿದ್ಧವಾಗಿಯೇ ಇದೆ: ಗುಟ್ಟು ರಟ್ಟಾಯಿತು. ಇನ್ನು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಡೆಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯಲ್ಲಿ ‘ಸೀಕ್ರೆಟ್’ ಎಂಬ ಹೆಸರಿನಲ್ಲಿ ಇಟ್ಟದ್ದು ಬರೀ ಬೇಸ್64 (ಮಾಹಿತಿಯನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ಒಂದು ಕ್ರಮ) ರೂಪದಲ್ಲಿ ಕಾಣುತ್ತದೆ. ಅದೇನೂ ಗೂಢಲಿಪಿ ಅಲ್ಲ, ಕೈಗೆ ಸಿಕ್ಕ ಯಾರು ಬೇಕಾದರೂ ಬಿಡಿಸಿ ಓದಬಹುದು. ಅದಕ್ಕೆ ‘ಬಹಿರಂಗ ರಹಸ್ಯ’ ಅನ್ನೋದೇ ಸರಿ ಅಲ್ವಾ?

ಕ್ರಿಯಾಪದಕ್ಕೆ ಬಂದರೆ ತಲೆನೋವು ಜಾಸ್ತಿ.

‘ಗೆಟ್’ ಎಂಬ ಕರೆಗೆ ಕರಡಿನಲ್ಲಿ ‘ಗುಟ್ಟನ್ನು ಪಡೆಯಿರಿ’ ಎಂದಿದೆ. ಪಡೆಯುವವರು ಯಾರು? ಒಳ್ಳೆಯ ವಿನ್ಯಾಸದಲ್ಲಿ ಏಜೆಂಟ್‌ಗೆ ಗುಟ್ಟಿನ ಹೆಸರು ಮಾತ್ರ ಗೊತ್ತಿರುತ್ತದೆ. ಹೊರಗಿನ ಸೇವೆಯನ್ನು ಕರೆಯುವಾಗ ಟೂಲ್ ತಾನೇ ಕೀಯನ್ನು ಸೇರಿಸಿ ಕಳಿಸುತ್ತದೆ. ಕೀ ಒಮ್ಮೆ ಮಾದರಿಯ ಸಂದರ್ಭದೊಳಗೆ (ಅದು ಓದುತ್ತಿರುವ ಪಠ್ಯದೊಳಗೆ) ಬಂತು ಅಂದರೆ ಲಾಗ್‌ಗೂ (ನಡೆದದ್ದನ್ನು ದಾಖಲಿಸುವ ಕಡತ) ಹೋಗಬಹುದು, ಉತ್ತರದಲ್ಲೂ ಇಣುಕಬಹುದು. ಯಾವುದೋ ವೆಬ್ ಪುಟದಲ್ಲಿ ಅಡಗಿಸಿಟ್ಟ ದುಷ್ಟ ಸೂಚನೆಯೊಂದು ಅದನ್ನು ಹೊರಗೆಳೆಯಲೂಬಹುದು. ಹಾಗಾಗಿ ‘ತೋರಿಸು’ ಬೇರೆ, ‘ಬಳಸು’ ಬೇರೆ ಎಂದು ವಿವರಣೆ ಬಿಡಿಸಿ ಹೇಳಬೇಕು. ‘ಗುಟ್ಟನ್ನು ಬಳಸಿ ಸೇವೆಯನ್ನು ಕರೆಯುತ್ತದೆ, ಗುಟ್ಟನ್ನು ತೋರಿಸುವುದಿಲ್ಲ’ ಎಂದು ಬರೆದಿದ್ದೇನೆ. ‘ಪಡೆ’ ಈ ಎರಡನ್ನೂ ಮಸುಕು ಮಾಡುತ್ತದೆ.

‘ರೊಟೇಟ್’ಗೆ ಯಾರೋ ‘ತಿರುಗಿಸು’ ಎಂದು ಹಾಕಿಟ್ಟಿದ್ದಾರೆ. ಕೀಯನ್ನು ತಿರುಗಿಸಿದರೆ ಬೀಗ ತೆರೆಯುತ್ತದೆ, ಅಷ್ಟೇ! ಇಲ್ಲಿ ಆಗುವುದು ಬೇರೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ ಗುಟ್ಟುಗಳನ್ನು ಇಡುವ ಸೀಕ್ರೆಟ್ಸ್ ಮ್ಯಾನೇಜರ್‌ನ ರೊಟೇಶನ್ ಫಂಕ್ಷನ್‌ನಲ್ಲಿ ನಾಲ್ಕು ಹಂತಗಳಿವೆ: ಹೊಸ ಗುಟ್ಟು ಹುಟ್ಟಿಸುವುದು, ಅದನ್ನು ಸೇವೆಯಲ್ಲಿ ಕೂರಿಸುವುದು, ನಡೆಯುತ್ತದೆಯೇ ಎಂದು ನೋಡುವುದು, ಆಮೇಲೆ ಅದನ್ನೇ ಚಾಲ್ತಿಗೆ ತರುವುದು. ‘ಬದಲಿಸು’ ಎಂದರೆ ಬರೀ ಗುಟ್ಟುಗಳ ಉಗ್ರಾಣದಲ್ಲಿದ್ದ ಅಕ್ಷರ ತಿದ್ದಿದ ಹಾಗೆ. ಸೇವೆಗೆ ಸುದ್ದಿಯೇ ಹೋಗಿರುವುದಿಲ್ಲ. ‘ನವೀಕರಿಸು’ ಇನ್ನೂ ಅಪಾಯ. ಅದು ಅಪ್‌ಡೇಟ್‌ಗೂ ಆಯಿತು, ರಿನ್ಯೂಗೂ ಆಯಿತು. ಗುಟ್ಟುಗಳನ್ನು ಕಾಯುವ ಇನ್ನೊಂದು ತಂತ್ರಾಂಶವಾದ ಹಾಶಿಕಾರ್ಪ್ ವಾಲ್ಟ್‌ನಲ್ಲಿ ರಿನ್ಯೂ ಎಂದರೆ ಇದ್ದ ಗುಟ್ಟಿನ ವಾಯಿದೆಯನ್ನೇ ಮುಂದಕ್ಕೆ ಹಾಕುವುದು, ಅಂದರೆ ರೊಟೇಟ್‌ಗೆ ಸರಿಯಾಗಿ ತಿರುಗುಮುರುಗು. ‘ಮರುಕೀಲಿಸು’ ಎಂದು ಹೊಸದಾಗಿ ಕಟ್ಟಬಹುದು, ಆದರೆ ನಮಗೆ ‘ಕೀಲಿಸು’ ಎಂದರೆ ದೃಷ್ಟಿ ನೆಡುವುದೇ ನೆನಪಾಗುತ್ತದೆ. ಸದ್ಯಕ್ಕೆ ‘ಹಳೆಯದನ್ನು ತೆಗೆದು ಹೊಸದನ್ನು ಕೂರಿಸು’ ಎಂದು ಉದ್ದಕ್ಕೆ ಬರೆದಿದ್ದೇನೆ. ವಿವರಣೆಗೆ ಅದು ಸಾಕು. ಗುಂಡಿಯ ಮೇಲೆ ಹಿಡಿಸುವುದಿಲ್ಲ.

‘ಡಿಲೀಟ್’ಗೆ ‘ಅಳಿಸು’ ರೂಢಿಯಲ್ಲಿದೆ, ಇರಲಿ. ಆದರೆ ಅದೂ ಎಲ್ಲ ಕಡೆ ಒಂದೇ ಅಲ್ಲ. ಎಡಬ್ಲ್ಯುಎಸ್‌ನಲ್ಲಿ ಅಳಿಸಿದ ಗುಟ್ಟನ್ನು 7ರಿಂದ 30 ದಿನಗಳ ಗಡುವಿನೊಳಗೆ ವಾಪಸ್ ತರಬಹುದು. ಬೇಕೆಂದೇ ತಕ್ಷಣ ಅಳಿಸಿದರೆ ಮಾತ್ರ ಆ ಅವಕಾಶವಿಲ್ಲ. ಗೂಗಲ್‌ನ ಸೀಕ್ರೆಟ್ ಮ್ಯಾನೇಜರ್‌ನಲ್ಲಿ ಒಂದು ಆವೃತ್ತಿಯನ್ನು ತಡೆಹಿಡಿದರೆ ಮತ್ತೆ ಚಾಲೂ ಮಾಡಬಹುದು, ‘ಡಿಸ್ಟ್ರಾಯ್’ ಮಾಡಿದರೆ ಮುಗಿಯಿತು. ಅದಕ್ಕೆ ‘ನಾಶಮಾಡು’ ಎಂದೇ ಇಡುತ್ತೇನೆ. ಓದಿದವರು ಒಂದು ಕ್ಷಣ ನಿಲ್ಲಲಿ.

ಇನ್ನು ‘ರಿವೋಕ್’. ಗುಟ್ಟು ರಟ್ಟಾದಾಗ ಅದನ್ನು ಉಗ್ರಾಣದಿಂದ ಅಳಿಸಿ ಪ್ರಯೋಜನವಿಲ್ಲ. ಕದ್ದವರ ಕೈಯಲ್ಲಿ ಪ್ರತಿ ಇದೆ, ಕೀ ಇನ್ನೂ ನಡೆಯುತ್ತದೆ. ಕೊಟ್ಟ ಸೇವೆಯೇ ಅದನ್ನು ಅಮಾನ್ಯ ಮಾಡಬೇಕು. ಇದಕ್ಕೆ ಎಲ್ಲರ ಬಾಯಿಗೂ ಬರುವುದು ‘ರದ್ದುಮಾಡು’. ಅರ್ಥ ಸರಿಯಾಗಿಯೇ ಇದೆ. ಆದರೆ ನಮ್ಮ ತೆರೆಗಳಲ್ಲಿ ‘ಕ್ಯಾನ್ಸಲ್’ ಗುಂಡಿಗೂ ಅದೇ ಪದ. ಏಜೆಂಟ್ ಕೆಲಸ ಮಾಡುವ ಮುನ್ನ ಒಪ್ಪಿಗೆ ಕೇಳುವ ಪೆಟ್ಟಿಗೆ ಹೀಗೆ ಬಂದಿದೆ:

ಈ ಕೀಯನ್ನು ರದ್ದುಮಾಡಬೇಕೇ?
[ಸರಿ] [ರದ್ದುಮಾಡಿ]

ಎರಡನೆಯದನ್ನು ಒತ್ತಿದರೆ ಏನು ರದ್ದಾಗುತ್ತದೆ, ಕೀಯೋ ಪ್ರಶ್ನೆಯೋ? ಮೇಲಿನದನ್ನು ‘ಅಮಾನ್ಯ ಮಾಡಬೇಕೇ’ ಎಂದು ತಿದ್ದುವುದೋ, ಗುಂಡಿಯನ್ನು ‘ಬೇಡ’ ಎಂದು ಮಾಡುವುದೋ? ನನಗೆ ‘ಬೇಡ’ ಇಷ್ಟ. ಅಷ್ಟು ಒರಟಾಗಿ ಬರೆಯಬಾರದು ಎನ್ನುವವರಿದ್ದರೆ ಕಾರಣ ತಿಳಿಸಿ. ‘ರೊಟೇಟ್’ಗೆ ಒಂದೇ ಪದದಲ್ಲಿ ಏನಾದರೂ ಹೊಳೆದರೆ ಅದನ್ನೂ ಬರೆಯಿರಿ.